ಹನಿಸಕಲ್ ಕಾವಲು

ಜಗಳವಾಡುವ ಧೈರ್ಯವಿಲ್ಲದವರಿಗೆ ಉಪಾಯಗಳು ಬಲು ಬೇಗ ಹೊಳೆಯುತ್ತವೆ. ನಾನೂ ಆ ಪೈಕಿಯೇ. ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯ ನಮ್ಮ ಮನೆಯ ಮುಂದೆ ದಾಸವಾಳವಿದೆ, ನಂದಿಬಟ್ಟಲಿದೆ. ನಮ್ಮ ದೇವರ ತಲೆಯ ಮೇಲೆ ಮಾತ್ರ ಹೂವಿರುತ್ತಿರಲಿಲ್ಲ. ಪಕ್ಕದ ಮನೆಯ ಮುನಿಯಮ್ಮನವರು ನಾವು ಏಳುವ ಮೊದಲೇ ಕಾಂಪೌಂಡಿನಾಚೆಯಿಂದ ಕೊಂಬೆ ಬಗ್ಗಿಸಿ ಎಲ್ಲವನ್ನೂ ಬಿಡಿಸಿಕೊಂಡು ಹೋಗುತ್ತಿದ್ದರು. "ನೀವೊಂದು ಮಾತು ಹೇಳಬಾರದಾ?" ಎಂದು ಹೆಂಡತಿ ದಿನಾ ಕೇಳುತ್ತಿದ್ದಳು. ಹಿರಿಯರು, ಸಿಕ್ಕಾಗಲೆಲ್ಲ "ಉಂಡ್ಯೇನಪ್ಪಾ?" ಎಂದು ವಿಚಾರಿಸುವವರು, ಅಂಥವರ ಮೇಲೆ ಕಳ್ಳತನ ಹೊರಿಸುವುದು ಹೇಗೆ? ಒಮ್ಮೆ ಹೇಳಿಯೇ ಬಿಡೋಣವೆಂದು ಹೋಗಿ, ಅವರು ಕೊಟ್ಟ ಹುರುಳಿ ಸಾರಿನ ಪಾತ್ರೆ ಹಿಡಿದುಕೊಂಡು ವಾಪಸು ಬಂದಿದ್ದೆ.

ಕೊನೆಗೆ ಬೇತಮಂಗಲದ ರಸ್ತೆಯ ನರ್ಸರಿಯವನು ದಾರಿ ತೋರಿಸಿದ. "ಅನಿಸಕಲ್ ಆಕಿ ಸಾರ್, ಗಮ್ ಅಂತದೆ. ಜೇನ್ನೊಣ ಮುತ್ಕೋತವೆ, ಅದೊಂದೇ ತೊಂದ್ರೆ." ನನಗೆ ಬೇಕಾಗಿದ್ದುದೇ ಆ ತೊಂದರೆ. ಹನಿಸಕಲ್ ಬಳ್ಳಿ ತಂದು ದಾಸವಾಳದ ಮಗ್ಗುಲಲ್ಲೇ ನೆಟ್ಟು, ಗೊಬ್ಬರ ಹಾಕಿ, ಮಗುವಿನಂತೆ ಸಾಕಿದೆ. ಅದು ದಾಸವಾಳವನ್ನೂ ಗೇಟನ್ನೂ ತಬ್ಬಿಕೊಂಡು ಹಬ್ಬಿತು. ಬಿಳಿ ಹೂ ಬಿಟ್ಟಿತು, ಹೂ ಹಳದಿಗೆ ತಿರುಗಿತು, ಜೇನುನೊಣಗಳೂ ಬಂದವು. ಕಿಟಕಿಯಲ್ಲಿ ನಿಂತು ಮೀಸೆಯಡಿ ನಕ್ಕೆ.

ಆದರೆ ನೊಣಗಳು ಬಿಸಿಲೇರಿದ ಮೇಲಷ್ಟೇ ಡ್ಯೂಟಿಗೆ ಹಾಜರಾಗುತ್ತವೆಂದು ಆ ನರ್ಸರಿಯವನು ಹೇಳಿರಲಿಲ್ಲ. ಮುನಿಯಮ್ಮನವರು ಎಂದಿನಂತೆ ಮಬ್ಬಿನಲ್ಲೇ ಬಂದು, ದಾಸವಾಳದ ಜೊತೆಗೆ ಹನಿಸಕಲ್ಲನ್ನೂ ಬಿಡಿಸಿಕೊಂಡು ಹೋದರು. ನೊಣಗಳ ಗುಯ್‌ಗುಟ್ಟುವಿಕೆ ಜೋರಾಗುತ್ತಿದ್ದುದು ನಾನು ಬಂಗಾರಪೇಟೆಯ ಆಫೀಸಿಗೆ ರೈಲು ಹಿಡಿಯಲು ಗೇಟು ತೆಗೆಯುವ ಹೊತ್ತಿಗೆ! ಒಂದು ದಿನ ಗಡಿಬಿಡಿಯಲ್ಲಿ ನನ್ನ ಬ್ಯಾಗು ಬಳ್ಳಿಗೆ ಸಿಕ್ಕಿಕೊಂಡಿತು. ಜಗ್ಗಿದೆ. ಮೂಗಿಗೊಂದು ನೊಣ, ತುಟಿಗೊಂದು ನೊಣ ಕಚ್ಚಿತು.

ನನ್ನ ಬೊಬ್ಬೆಗೆ ಮೊದಲು ಓಡಿಬಂದವರು ಮುನಿಯಮ್ಮನವರೇ. ನೊಣದ ಮುಳ್ಳು ಕಿತ್ತು, ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಬಳಿದರು. "ಬಿಸ್ಲೊತ್ನಾಗೆ ಅದ್ರ ತಂಟೆಗ್ಯಾಕಪ್ಪಾ ಓದೆ? ನಾನು ದಿನಾ ಕೀಳ್ತೀನಿ, ಒಂದಾದ್ರೂ ಕಚ್ಚೈತಾ?"

"ಕೇಳಿದ್ರಾ? ಅವರ ಬಾಯಿಂದಲೇ ಬಂತು! ಈಗಲಾದ್ರೂ ಹೇಳಿ," ಎಂದು ಹೆಂಡತಿ ಹಿಂದಿನಿಂದ ಪಿಸುಗುಟ್ಟಿ ತಿವಿದಳು. ಇಷ್ಟು ದಿನ ಬಚ್ಚಿಟ್ಟಿದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದೆ. ತುಟಿ ಇಡ್ಲಿಯಂತೆ ಉಬ್ಬಿತ್ತು. "ಹೂ... ಹೂ..." ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

"ಊವಾ? ಪೂಜೆಗಾ? ಅದಕ್ಯಾಕಪ್ಪಾ ಅಳ್ತೀಯಾ, ನಾನೇ ತಂದ್ಕೊಡ್ತೀನಿ ಬಿಡು," ಎಂದು ಮುನಿಯಮ್ಮನವರು ಬೆನ್ನು ಸವರಿದರು.

ಅಂದಿನಿಂದ ನಮ್ಮದೇ ಗಿಡದ ಹೂವು ಒಂದು ಹಿಡಿ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತದೆ. ನಾನು ಎರಡೂ ಕೈ ಚಾಚಿ ತೆಗೆದುಕೊಂಡು, "ನಿಮಗ್ಯಾಕಮ್ಮಾ ಇಷ್ಟೊಂದು ತೊಂದರೆ!" ಎನ್ನುತ್ತೇನೆ.