ಗಿಲಾವಿಲ್ಲದ ಹೊಟೇಲಿನಲ್ಲಿ ಅಪ್ಪ

ಹೊಟೇಲಿಗೆ ಹೋದವರೆಲ್ಲ ಊಟ ಮಾಡಿ ಬರುತ್ತಾರೆ. ನಮ್ಮಪ್ಪ ತಪಾಸಣೆ ಮಾಡಿ ಬರುತ್ತಾನೆ! ನಲವತ್ತು ವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದ ಅವನ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ: ಬ್ಯಾಡಗಿ ಕಾಯಿ ಬಳಸುವವರು ಮತ್ತು ದಾರಿ ತಪ್ಪಿದವರು. ಒಮ್ಮೆ ಹಾವೇರಿಯ ಖಾನಾವಳಿಯೊಂದರಲ್ಲಿ ಪಲ್ಯದ ಬಣ್ಣ ನೋಡಿ ಅನುಮಾನಪಟ್ಟ. ನೇರ ಅಡುಗೆಮನೆಗೆ ನುಗ್ಗಿ, ಖಾರದಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ, "ಇದು ಹೋದ ವರ್ಷದ್ದು" ಎಂದ. ಮಾಲೀಕ ಕೈಮುಗಿದ. "ಸಾಹೇಬ್ರ, ತಾವು ಯಾವ ಇಲಾಖೆದವ್ರಿ?" ಅಪ್ಪ ಇವತ್ತಿನವರೆಗೂ ಇಲಾಖೆಯ ಹೆಸರು ಹೇಳಿಲ್ಲ!

ಇಂಥವನನ್ನು ಇಟಾಲಿಯನ್ ಹೊಟೇಲಿಗೆ ಕರೆದೊಯ್ಯುವ ಧೈರ್ಯ ಮಾಡಿದವಳು ನಾನು. ಹಾವೇರಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ ನನಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಸಿಕ್ಕಿತ್ತು. ಆ ಖುಷಿಗೆ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಅವ್ವ ಇಬ್ಬರನ್ನೂ ಬ್ಯಾಡಗಿಯಿಂದ ಕಾರಿನಲ್ಲಿ ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೊರಟೆ. ಅಲ್ಲಿ ಊರ ಹೊರಗೆ ಇಟಲಿಯ ಹಳ್ಳಿಮನೆಯಂತೆ ಒಂದು ಹೊಸ ಹೊಟೇಲು ಕಟ್ಟಿದ್ದರು. ಬರಿಯ ಇಟ್ಟಿಗೆಯ ಗೋಡೆ, ಒರಟು ಹಲಗೆಯ ಬೆಂಚು, ತೊಲೆಗೆ ತೂಗುಬಿಟ್ಟ ಲಾಟೀನು.

ಅಪ್ಪ ಬಾಗಿಲಲ್ಲೇ ನಿಂತ. "ಇನ್ನೂ ಗಿಲಾವ್ ಆಗಿಲ್ಲಲ್ಲ ಯವ್ವಾ. ಕಟ್ಟಡ ಮುಗದ ಮ್ಯಾಲ ಬರೂಣು, ನಡಿ."

"ಅಪ್ಪಾ, ಇದು ಹಿಂಗ ಇರೂದು. ಇದ ಫ್ಯಾಶನ್."

ಅವ್ವ ಸುತ್ತ ಕಣ್ಣಾಡಿಸಿದಳು. "ನಮ್ಮ ತವರಮನಿ ದನದ ಕೊಟ್ಟಿಗಿ ಥೇಟ್ ಹಿಂಗ ಇತ್ತು ನೋಡು. ಎಮ್ಮಿ ಅಷ್ಟ ಕಡಿಮಿ."

ಸ್ಪಗೆಟ್ಟಿ ಬಂತು. ಅಪ್ಪ ಫೋರ್ಕಿಗೆ ಸುತ್ತಿದ, ಸುತ್ತಿದ, ಉಂಡೆಯಾಗುವವರೆಗೂ ಸುತ್ತಿದ. ಬಾಯಿಗೆ ಒಯ್ಯುವಷ್ಟರಲ್ಲಿ ಎಲ್ಲವೂ ಬಿಚ್ಚಿಕೊಂಡು ಜುಬ್ಬಾದ ಮೇಲಿಳಿಯಿತು. "ಶಾವಗಿ ಹೊಸೆದವ್ರಿಗೆ ಅಳತಿ ತಿಳಿಯೂದಿಲ್ಲ" ಎಂದು ತೀರ್ಪು ಕೊಟ್ಟು ಕೈಹಾಕಿದ. ಅವ್ವ ಬಡಿಸುವ ಹುಡುಗಿಯನ್ನು ಕರೆದು, "ಇದಕ್ಕ ಸ್ವಲ್ಪ ಹಾಲು, ಬೆಲ್ಲ ತರ್ತೀಯೇನವಾ?" ಎಂದಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಲಾಟೀನು ನೋಡಿದೆ.

ಅಷ್ಟರಲ್ಲಿ ಅಪ್ಪನ ಕಣ್ಣು ಮೇಜಿನ ಮೇಲಿದ್ದ ಒಣಮೆಣಸಿನ ಚೂರುಗಳ ಪೊಟ್ಟಣಕ್ಕೆ ಬಿತ್ತು. ಮುಗಿಯಿತಲ್ಲ! ಅಂಗೈಗೆ ಸುರಿದುಕೊಂಡ, ಮೂಸಿದ, ಎದ್ದ. ದೊಡ್ಡ ಮಣ್ಣಿನ ಒಲೆಯ ಮುಂದೆ ಎತ್ತರದ ಬಿಳಿ ಟೊಪ್ಪಿಗೆಯವನೊಬ್ಬ ಪಿಜ್ಜಾ ತಟ್ಟುತ್ತಿದ್ದ. ಅಪ್ಪ ತನ್ನ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಆಪ್ ಇಟಲಿ ಸೇ ಆಯಾ ಕ್ಯಾ?" ಎಂದು ಕೇಳಿದ.

"ಇಲ್ರಿ ಕಾಕಾ, ಮೋಟೆಬೆನ್ನೂರಿನಾಂವ್ರಿ."

"ಮೋಟೆಬೆನ್ನೂರಾಗ ಹುಟ್ಟಿ ಇಂಥಾ ಬೀಜ ಉದುರಸ್ತೀಯೇನೋ! ಬ್ಯಾಡಗಿ ಎಷ್ಟ ದೂರೈತೋ ನಿಮ್ಮೂರಿಗೆ?"

ಅಪ್ಪನ ಜೇಬಿನಲ್ಲಿ ಕನ್ನಡಕ ಇಲ್ಲದಿದ್ದರೂ ನಾಲ್ಕು ಮೆಣಸಿನಕಾಯಿ ಇರುತ್ತವೆ. ಅವು ಹೊರಬಂದವು. ಟೊಪ್ಪಿಗೆಯವನು ಪಾಪ, ನಗುತ್ತಲೇ ಅವನ್ನು ಹುರಿದು, ಕುಟ್ಟಿ, ಎಣ್ಣೆಯಲ್ಲಿ ಕಲಸಿ ನಮ್ಮ ಪಿಜ್ಜಾದ ಮೇಲೆ ಹರಡಿದ. ಒಲೆಯಿಂದ ತೆಗೆದದ್ದೇ ತಡ, ಅಪ್ಪ ಪಿಜ್ಜಾ ಇಟ್ಟ ಹಲಗೆಯನ್ನು ತಾನೇ ಹೊತ್ತು ತಂದು ಮೊದಲ ತುಂಡನ್ನು ಅವ್ವನ ತಟ್ಟೆಗೆ ಹಾಕಿದ. ಗೆದ್ದ ಪೈಲ್ವಾನನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತ.

ಅವ್ವ ಕಚ್ಚಿ, ಉಫ್ ಉಫ್ ಎಂದು ಊದಿ, ಕಣ್ಣುಮುಚ್ಚಿ ನಕ್ಕಳು.

"ಸುಡ್ತೈತೇನು? ಆರಿಸ್ಕೊಂಡು ತಿನ್ನು."

"ಬ್ಯಾಡ್ರಿ, ಇರ್ಲಿ. ಹಿಂಗ ಸುಡುಸುಡು ತಿಂದು ಎಷ್ಟ ವರ್ಷಾತೋ. ಮನ್ಯಾಗ ನಿಮಗೆಲ್ಲಾ ಕೊಟ್ಟು ನಾ ಕುಂದ್ರೂದ್ರಾಗ ರೊಟ್ಟಿ ತಣ್ಣಗಾಗಿರ್ತಾವು."

ಅವಳು ದೂರಲಿಲ್ಲ. ಇವತ್ತು ಮೋಡ ಆಗಿದೆ ಎನ್ನುವ ಹಾಗೆ ಹೇಳಿ ಇನ್ನೊಂದು ತುತ್ತು ಕಚ್ಚಿದಳು. ಅವಳ ಬಿಸಿರೊಟ್ಟಿ ತಿಂದು ಬೆಳೆದವರಲ್ಲಿ ನಾನೂ ಒಬ್ಬಳು. ಅಪ್ಪ ಮೆಲ್ಲಗೆ ಬೆಂಚಿನ ಮೇಲೆ ಕೂತ. ಊಟ ಹೇಗಿತ್ತೆಂದು ಹುಡುಗಿ ಕೇಳಿದರೆ ಬರೀ ತಲೆಯಾಡಿಸಿದ. ವಾಪಸು ಬರುವಾಗ ಮೋಟೆಬೆನ್ನೂರಿನ ಮಿರ್ಚಿಭಜಿ ಅಂಗಡಿ ದಾಟಿ ಬ್ಯಾಡಗಿ ರಸ್ತೆಗೆ ಹೊರಳಿದರೂ ಅವನು ತಪಾಸಣೆಗೆಂದು ಕಾರಿನಿಂದ ಇಳಿಯಲಿಲ್ಲ. ನಮ್ಮಪ್ಪ, ಮಿರ್ಚಿ ಅಂಗಡಿ, ತಪಾಸಣೆಯಿಲ್ಲದೆ! ನನಗೆ ಗಾಬರಿಯೇ ಆಯಿತು.

ನಾಲ್ಕು ದಿನದ ಮೇಲೆ ಅವ್ವನ ಫೋನು. "ನಿಮ್ಮಪ್ಪ ಅಡಗಿಮನಿ ಬಿಟ್ಟು ಏಳವಲ್ರವಾ. ನೀನರೆ ಬಂದು ಬುದ್ಧಿ ಹೇಳು."

ಹೋಗಿ ನೋಡಿದೆ. ಅಪ್ಪ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಿಟ್ಟು ನಾದಿ ರೊಟ್ಟಿ ಬಡಿಯುವುದು ಅವ್ವ, ಬೇಯಿಸುವುದು ಅವನಂತೆ. ಎರಡು ಬೆರಳು ಸುಟ್ಟುಕೊಂಡಿದ್ದ. ಒಂದು ರೊಟ್ಟಿಯನ್ನು ಹೆಂಚಿನಿಂದ ತೆಗೆದು ತಾಟಿಗೆ ಹಾಕಿ, ಪಲ್ಯ ನೀಡಿ, ಅವಳ ಮುಂದೆ ಸರಿಸಿದ.

"ಮೊದಲ ನೀವು ಉಣ್ರಿ" ಎಂದಳು ಅವ್ವ.

"ನಾ ಆಮ್ಯಾಲ ಉಣ್ತೀನಿ. ಆರತೈತಿ, ಲಗೂನ ತಿನ್ನು."

ಅವ್ವ ಕೈತೊಳೆದುಕೊಂಡು ಬಂದು ಕೂತಳು. ರೊಟ್ಟಿ ಮುರಿದಳು, ಹಬೆ ಎದ್ದಿತು. ಅಪ್ಪ ಅವಳ ಬಾಯನ್ನೇ ನೋಡುತ್ತಿದ್ದ.

"ಹೆಂಗೈತಿ?"

"ಕರಕಾಗೇತಿ" ಎಂದಳು. ಚೂರೂ ಬಿಡದೆ ತಿಂದಳು. ತಿಂದು, ತಾಟನ್ನು ಅವನತ್ತ ಸರಿಸಿದಳು.

"ಇನ್ನೊಂದು ಹಾಕ್ರಿ."