ಅತ್ತೆಯವರಿಗಾಗಿ ಒಂದು ನಿಯಮ

ಉಪಕಾರ ಮಾಡಿದ ಅಳಿಯನಿಗೆ ಈ ಪಾಂಚೆವೊ ಊರಿನಲ್ಲಿ ಎಂಥ ಗತಿ ಒದಗುತ್ತದೆಂದು ತಿಳಿಯಬೇಕೇ? ನನ್ನನ್ನು ಕೇಳಿ.

ನಮ್ಮತ್ತೆ ಲ್ಯೇರ್ಕಾ ಹುಟ್ಟಿದ್ದು ಸಮುದ್ರದಂಡೆಯ ಒಪಾತಿಯಾದಲ್ಲಿ. ಆಗ ಅದೂ ಇದೂ ಒಂದೇ ದೇಶ. ಈಗ ಅದು ಕ್ರೊಯೇಷಿಯಾ, ಇದು ಸರ್ಬಿಯಾ. ಈ ಸುದ್ದಿ ಜಗತ್ತಿಗೆಲ್ಲ ಮುಟ್ಟಿ ಮೂವತ್ತು ವರ್ಷವಾದರೂ ಅತ್ತೆಯ ಬೆರಳಿಗೆ ಮುಟ್ಟಿಲ್ಲ. ಅಲ್ಲೇ ಇರುವ ತಂಗಿ ನೆವೆಂಕಾಗೆ ಫೋನ್ ಮಾಡಲು ಹಳೆಯ ಕಾಲದಂತೆ ಆ ಊರಿನ ಕೋಡ್ ಸೊನ್ನೆ-ಐದು-ಒಂದು ಎಂದೇ ಶುರುಮಾಡುತ್ತಾರೆ. ಅಂಥ ನಂಬರೇ ಇಲ್ಲವೆಂದು ಫೋನು ಹೇಳುತ್ತದೆ. ಬೈಗುಳ ಮಾತ್ರ ನನಗೆ!

"ಅತ್ತೇ, ಮೊದಲು ಸೊನ್ನೆ ಸೊನ್ನೆ ಮೂರು ಎಂಟು ಐದು ಒತ್ತಬೇಕು."

"ಒಡಹುಟ್ಟಿದವಳನ್ನ ಮಾತಾಡ್ಸೋಕೆ ಪರದೇಶದ ನಂಬರಾ? ನಾನು ಯಾವ ಗಡಿಗೂ ಸಹಿ ಹಾಕಿಲ್ಲ, ಅಳಿಯಾ!"

ಅಡುಗೆಮನೆಯಿಂದ ಹೆಂಡತಿ ಸ್ಲಾವಿತ್ಸಾ ಕೂಗಿದಳು. "ಸ್ವೆತೋ, ದಿನಾ ಹಿಟ್ಟಿನ ಕೈ ತೊಳ್ಕೊಂಡು ಬಂದು ನಾನೇ ಒತ್ತಿಕೊಡ್ಬೇಕು. ಇಂಟರ್ನೆಟ್ ಫೋನಿನ ಡಬ್ಬ ತಂದಿದೀಯಲ್ಲ, ಅದಕ್ಕಾದ್ರೂ ಕಲಿಸು. ನಿನ್ನ ಕೈಲಾದ್ರೆ!"

ಕೈಲಾದ್ರೆ! ಮೂವತ್ತೆರಡು ವರ್ಷ ರೈಲ್ವೆ ಸಿಗ್ನಲ್ ನಡೆಸಿದವನಿಗೆ ಹೇಳುವ ಮಾತೇ ಇದು?

ನನಗೆ ಒಳಗೊಂದು ಸ್ವಾರ್ಥವೂ ಇತ್ತು. (ಹೆಂಡತಿಗೆ ಹೇಳಬೇಡಿ.) ಪ್ರತಿ ಜುಲೈನಲ್ಲಿ ಅತ್ತೆ ಮೂರು ತಿಂಗಳು ತಂಗಿಯ ಮನೆಗೆ ಹೋಗುತ್ತಾರೆ. ಅವರಿದ್ದಾಗ, ಮೂವತ್ತೆಂಟು ಡಿಗ್ರಿ ಸೆಕೆಯಲ್ಲೂ ಎರಡು ಕಿಟಕಿ ಒಟ್ಟಿಗೆ ತೆರೆಯುವಂತಿಲ್ಲ. ಅಡ್ಡಗಾಳಿ ಬಡಿದು ಕಿಡ್ನಿ ಹೋಗುತ್ತದಂತೆ! ಆ ಮೂರು ತಿಂಗಳು ಮಾತ್ರ ನಾನು ಮನುಷ್ಯನಂತೆ ಉಸಿರಾಡುತ್ತೇನೆ. ಅಕ್ಕತಂಗಿಯರು ದಿನಾ ಮಾತಾಡಿದರೆ ಪ್ರೀತಿ ಉಕ್ಕಿ ಅತ್ತೆ ಮೇ ತಿಂಗಳಲ್ಲೇ ಹೊರಡಬಹುದೆಂದು ಲೆಕ್ಕ ಹಾಕಿದೆ.

ಯಾವ ನಂಬರು ಒತ್ತಿದರೆ ಕರೆ ಎತ್ತ ಹೋಗಬೇಕೆಂಬ ನಿಯಮವನ್ನು ಆ ಡಬ್ಬಕ್ಕೆ ಕಂಪ್ಯೂಟರಿನಲ್ಲಿ ಬರೆದುಕೊಡಬೇಕು. ಬರೀ ಆವರಣ, ಚುಕ್ಕಿ, ಎಕ್ಸುಗಳ ಇರುವೆಸಾಲು. ಮೊದಲ ಸೊನ್ನೆ ಕಿತ್ತು ಅಲ್ಲಿ ಕ್ರೊಯೇಷಿಯಾದ ಸಂಖ್ಯೆ ಕೂರಿಸುವಂತೆ ಬರೆದೆ. ಮಹಾನಾಯಕರು ಒಡೆದ ದೇಶವನ್ನು ಏಕಾಂಗಿಯಾಗಿ ಜೋಡಿಸಿದ್ದೆ!

ಮರುದಿನ ಸ್ಲಾವಿತ್ಸಾ ನಮ್ಮದೇ ಸರ್ಬಿಯಾದ ನೋವಿ ಸಾದ್‌ನ ದರ್ಜಿಗೆ ಫೋನ್ ಮಾಡಿದಳು.

"ಏನು ಮಾಡಿಟ್ಟಿದೀಯ? ನನ್ನ ಲಂಗ ರೆಡಿನಾ ಅಂದ್ರೆ ಯಾವನೋ ಕ್ರೊಯೇಷಿಯಾದ ಸ್ಪ್ಲಿಟ್ ಊರಿನವನು ಬೂತಾಯಿ ಮೀನು ಈಗ್ತಾನೇ ಬಂತು ಅಂತಾನೆ!"

ಸೊನ್ನೆಯಿಂದ ಶುರುವಾದ ನಂಬರುಗಳೆಲ್ಲ ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುತ್ತಿದ್ದವು. ಸೊನ್ನೆ-ಐದು-ಒಂದಕ್ಕೆ ಮಾತ್ರ ಅನ್ವಯಿಸುವಂತೆ ನಿಯಮವನ್ನು ತಿದ್ದಿದೆ.

ಗೆದ್ದೆ! ಅತ್ತೆ ತಾವೇ ಒತ್ತಿದರು, ಅತ್ತ ನೆವೆಂಕಾ ಎತ್ತಿದರು. ಅಂದಿನಿಂದ ದಿನಕ್ಕೆರಡು ಗಂಟೆ ಮಾತು. ಮೇ ಕಳೆಯಿತು, ಜೂನ್ ಕಳೆಯಿತು. ಜುಲೈ ಒಂದರಂದು ನಾನೇ ಅಟ್ಟದಿಂದ ಅವರ ಸೂಟ್‌ಕೇಸ್ ಇಳಿಸಿದೆ.

"ಅದ್ಯಾಕೆ ಇಳಿಸ್ದೆ, ಅಳಿಯಾ?"

"ಒಪಾತಿಯಾಗೆ... ಬಸ್ಸು..."

"ಅಯ್ಯೋ, ಟಿಕೆಟ್ ವಾಪಸ್ ಕೊಟ್ಟಾಯ್ತು. ದಿನಾ ಮಾತಾಡೋದೇ ಆಯ್ತಲ್ಲ, ಇನ್ನು ಹೋಗಿ ಏನು ಮಾಡ್ಲಿ?"

ನಾನು ಕಂಪ್ಯೂಟರಿನತ್ತ ಓಡಿದೆ. ಆ ಸಾಲನ್ನು ಅಳಿಸಿಬಿಡಬೇಕು, ಈಗಲೇ! ಸ್ಲಾವಿತ್ಸಾ ಅಡ್ಡ ನಿಂತಳು.

"ಮುಟ್ಟಿದ್ರೆ ನೋಡು! ಮದುವೆಯಾದಾಗಿಂದ ಅಮ್ಮ ನಿನ್ನನ್ನ ಹೊಗಳ್ತಿರೋದು ಇದೇ ಮೊದಲು."

ಅತ್ತೆ ಆಗಲೇ ತೆರೆದಿದ್ದ ಒಂದು ಕಿಟಕಿಯನ್ನೂ ಮುಚ್ಚಿ ಫೋನ್ ಹಿಡಿದು ಕೂತಿದ್ದರು.

"ಬಂಗಾರದಂಥ ಅಳಿಯ ಕಣೇ ನೆವೆಂಕಾ! ನಾನು ಹೋಗಲ್ಲ ಅಂದಿದ್ದಕ್ಕೆ ಪಾಪ, ಕಣ್ಣಲ್ಲಿ ನೀರು ಬಂದ್ಬಿಟ್ಟಿದೆ."