ಸೋರೆಹುಂಡಿಯ ಏಕೈಕ ಹೆಬ್ಬೆಟ್ಟು

ಕೊಳ್ಳೇಗಾಲ–ಯಳಂದೂರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಸೋರೆಹುಂಡಿಯನ್ನು ನೂರಕ್ಕೆ ನೂರು ಡಿಜಿಟಲ್ ಗ್ರಾಮವೆಂದು ಘೋಷಿಸಲಾಗಿದೆ. ಗ್ರಾಮದಲ್ಲಿ ಇನ್ನೂರ ಹನ್ನೆರಡು ಮನೆಗಳಿವೆ. ಹೆಬ್ಬೆಟ್ಟು ಒಂದಿದೆ.

ಇದಕ್ಕೆ ಕಾರಣ ರೇಷ್ಮೆ. ಊರಿನವರು ಮೂರು ತಲೆಮಾರಿನಿಂದ ಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ಕುದಿಯುವ ನೀರಿಗೆ ಬೆರಳದ್ದಿ ಎಳೆ ಹುಡುಕುವ ಕೆಲಸ. ಹತ್ತು ವರ್ಷ ಹುಡುಕಿದವರಿಗೆ ಎಳೆ ಬೇಗ ಸಿಗುತ್ತದೆ, ಬೆರಳಿನ ಗೆರೆ ಉಳಿಯುವುದಿಲ್ಲ. ನೂಲು ಬಿಚ್ಚದವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾರೆ. ಅವರ ಗೆರೆಗಳನ್ನು ಹುಳಿ ನೋಡಿಕೊಂಡಿದೆ.

ಸಮಗ್ರ ಡಿಜಿಟಲ್ ಪರಿವರ್ತನಾ ಅಭಿಯಾನವು ಊರಿಗೆ ಬಂದಾಗ ಈ ಸಂಗತಿ ಅದಕ್ಕೆ ತಿಳಿದಿರಲಿಲ್ಲ. ಅಭಿಯಾನದ ಪ್ರಕಾರ ರೇಷನ್ ಅಕ್ಕಿ, ಕರೆಂಟ್ ಮೀಟರ್, ಪಿಂಚಣಿ, ಮೊಬೈಲ್ ಸಿಮ್ ಇವೆಲ್ಲವೂ ಮನೆಗೊಂದು ಹೆಬ್ಬೆಟ್ಟಿನ ಮೇಲೆ ನಡೆಯತಕ್ಕದ್ದು. ಹೆಬ್ಬೆಟ್ಟನ್ನು ಪ್ರತಿ ತಿಂಗಳು ಒತ್ತತಕ್ಕದ್ದು. ಮೊದಲ ತಿಂಗಳು ಇನ್ನೂರ ಹನ್ನೊಂದು ಮನೆಗಳವರನ್ನು ಯಂತ್ರ ಗುರುತಿಸಲಿಲ್ಲ. ಅಂಥವರಿಗೆ ಒಟಿಪಿ ಕಳಿಸುವ ಅವಕಾಶವಿತ್ತು. ಆದರೆ ಹೆಬ್ಬೆಟ್ಟು ಒತ್ತದ ಕಾರಣ ಅವರ ಸಿಮ್ ನಿಂತಿತ್ತು. ದೂರು ಕೊಡಲು ಆ್ಯಪ್ ಇತ್ತು; ಅದರೊಳಗೆ ಹೋಗಲು ಹೆಬ್ಬೆಟ್ಟು ಬೇಕಿತ್ತು. ಊರಿನಿಂದ ಒಂದೂ ದೂರು ಬಂದಿಲ್ಲವೆಂದು ಆ ತಿಂಗಳ ವರದಿಯಲ್ಲಿ ಸಂತೋಷದಿಂದ ದಾಖಲಿಸಲಾಗಿದೆ.

ಯಂತ್ರ ಗುರುತಿಸಿದ್ದು ಗುರುಪಾದಸ್ವಾಮಿಯೊಬ್ಬನನ್ನು. ವಯಸ್ಸು ಮೂವತ್ತೊಂಬತ್ತು, ಅವಿವಾಹಿತ. ಹಾಲಿನ ಡೇರಿ ಮುಂದಿನ ಕಲ್ಲುಬೆಂಚಿನ ಮೇಲೆ ಕೂರುವುದನ್ನು ಬಿಟ್ಟರೆ ಈವರೆಗೆ ಯಾವ ಕೆಲಸವನ್ನೂ ಮಾಡಿದವನಲ್ಲ. ಅವನ ಹೆಬ್ಬೆರಳಿನ ಗೆರೆಗಳು ಹುಟ್ಟಿದಾಗ ಹೇಗಿದ್ದವೋ ಹಾಗೇ ಇವೆ. ಬೆರಳಿಟ್ಟ ಕೂಡಲೇ ಹಸಿರು ದೀಪ ಹತ್ತಿತು. ಮಗ ಒಂದಾದರೂ ಪರೀಕ್ಷೆ ಪಾಸು ಮಾಡಿದನಲ್ಲ ಎಂದು ಅವನ ತಾಯಿ ಶಿವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಭಿಯಾನದ ತಾಲ್ಲೂಕು ಪರಿವರ್ತನಾಧಿಕಾರಿ ಸದಾಶಿವಪ್ಪನವರು ನಿಯಮಗಳನ್ನು ಓದಿ ನೋಡಿದರು. ಏಳನೆಯ ನಿಯಮದಂತೆ, ಬೆರಳು ಒಪ್ಪದ ಕುಟುಂಬವು ತನ್ನ ಪರವಾಗಿ ಒತ್ತಲು ಒಬ್ಬ ಸದಸ್ಯನನ್ನು ನೇಮಿಸಬಹುದು. ಒಬ್ಬನನ್ನು ಎಷ್ಟು ಕುಟುಂಬಗಳು ನೇಮಿಸಬಹುದು ಎಂಬ ಮಿತಿ ಎಲ್ಲಿಯೂ ಇರಲಿಲ್ಲ. ಆದರೆ ಆತ ಕುಟುಂಬದ ಸದಸ್ಯನೇ ಆಗಿರಬೇಕು. ಕಂಪ್ಯೂಟರಿನ ಪಟ್ಟಿಯಲ್ಲಿ ಮೂರೇ ಸಂಬಂಧಗಳಿದ್ದವು: ಗಂಡ, ತಂದೆ, ಮಗ. 'ಇತರೆ' ಎಂಬುದನ್ನು ದುರ್ಬಳಕೆಯಾಗುತ್ತದೆಂದು ತೆಗೆದುಹಾಕಲಾಗಿತ್ತು. ಪಂಚಾಯಿತಿ ಕಟ್ಟಡದ ಸೇವಾಕೇಂದ್ರದಲ್ಲಿ ಕೂರುವ ಭವ್ಯ ಎರಡು ದಿನ ಊಟಕ್ಕೂ ಏಳದೆ ಗುರುಪಾದಸ್ವಾಮಿಯನ್ನು ಐವತ್ತೆಂಟು ಮನೆಗಳಿಗೆ ಗಂಡನನ್ನಾಗಿಯೂ, ಅರವತ್ತೊಂದು ಮನೆಗಳಿಗೆ ತಂದೆಯನ್ನಾಗಿಯೂ, ತೊಂಬತ್ತೆರಡು ಮನೆಗಳಿಗೆ ಮಗನನ್ನಾಗಿಯೂ ನೋಂದಾಯಿಸಿದಳು.

ಇದರಿಂದ ಊರಿನ ಗಂಡಸರಿಗೆ ಬೇಸರವಾಗಲಿಲ್ಲವೇ ಎಂದು ಕೇಳಬಹುದು. ಅಕ್ಕಿ ಬಂದಿತ್ತು.

ವಾರದೊಳಗೆ 'ಗ್ರಾಮದ ಹೆಬ್ಬೆಟ್ಟಿನ ಸಂರಕ್ಷಣೆ' ಕುರಿತು ಸುತ್ತೋಲೆ ಹೊರಟಿತು. ಸದರಿ ವ್ಯಕ್ತಿಯು ಯಾವುದೇ ದುಡಿಮೆಯಲ್ಲಿ ತೊಡಗತಕ್ಕದ್ದಲ್ಲ. ಬಿಸಿ ಮುದ್ದೆಯನ್ನು ಸ್ವತಃ ಮುರಿಯತಕ್ಕದ್ದಲ್ಲ. ಊರ ಗಡಿ ದಾಟುವ ಮುನ್ನ ಅನುಮತಿ ಪಡೆಯತಕ್ಕದ್ದು. ಗುರುಪಾದಸ್ವಾಮಿ ಮೂರಕ್ಕೂ ಒಪ್ಪಿದ. ಮುದ್ದೆ ಮುರಿದು ಬಾಯಿಗಿಡುವುದನ್ನು ಮನೆಗಳವರು ಸರದಿಯಂತೆ ಹಂಚಿಕೊಂಡರು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಚಿಕ್ಕಬಸಮ್ಮ ಸೇವಾಕೇಂದ್ರಕ್ಕೆ ಬಂದಳು. ಅರವತ್ನಾಲ್ಕು ವರ್ಷದ ಒಂಟಿ ಹೆಂಗಸು. ಕಣ್ಣು ಮಂಜಾದ ಮೇಲೆ ನೂಲಿನ ಕೆಲಸ ಬಿಟ್ಟಿದ್ದಳು.

"ಭವ್ಯಾ, ಎಲ್ಡ್ ತಿಂಗ್ಳಿಂದ ನನ್ ಪಿಂಚಣಿ ಯಾಕವ್ವ ಬಂದಿಲ್ಲ?"

ಭವ್ಯ ಕಂಪ್ಯೂಟರ್ ನೋಡಿದಳು. "ಅದು ವಿಧವಾ ಪಿಂಚಣಿ ಅಜ್ಜಿ. ನಿಂಗೀಗ ಗಂಡ ಅವ್ನೆ."

"ನಂಜಯ್ಯ ಸತ್ತು ಆರ್ ವರ್ಸ ಆಯ್ತಲ್ಲವ್ವ."

"ನಂಜಯ್ಯ ತಾತ ಅಲ್ಲ. ಗುರುಪಾದಣ್ಣ."

ಚಿಕ್ಕಬಸಮ್ಮ ಕಿಟಕಿಯಾಚೆ ಬೆಂಚಿನ ಕಡೆ ನೋಡಿದಳು. ಗುರುಪಾದಸ್ವಾಮಿ ಕೂತಲ್ಲೇ ತೂಕಡಿಸುತ್ತಿದ್ದ.

"ಅಲ್ಲ ಕಣವ್ವ, ಮೂರ್ ಸಾವ್ರ ಜನದ್ ಜಾತ್ರೇಲಿ ಹುಡುಕುದ್ರೂ ಇಂಥೋನ್ ಸಿಕ್ಕಾಕಿಲ್ಲ. ನಂಗೇ ಬೇಕಾಗಿತ್ತಾ?"

"ಅಕ್ಕಿಗೆ ಅಂತ ನೀನೇ ಒಪ್ಪಿದ್ದೆ ಅಜ್ಜಿ."

ವಿಷಯ ಇಷ್ಟು. ಅಕ್ಕಿ ಬೇಕಾದರೆ ಚಿಕ್ಕಬಸಮ್ಮನಿಗೆ ಗಂಡ ಇರಬೇಕು. ಬಿಪಿ ಮಾತ್ರೆ ಬೇಕಾದರೆ ಗಂಡ ಸತ್ತಿರಬೇಕು, ಏಕೆಂದರೆ ಮಾತ್ರೆ ಬರುವುದು ಪಿಂಚಣಿಯಲ್ಲಿ. ಎರಡೂ ಬೇಕೆಂದು ಅವಳು ಹಟ ಹಿಡಿದಳು. ಒಂದನ್ನು ನುಂಗದೆ ಇನ್ನೊಂದನ್ನು ನುಂಗಬಾರದೆಂದು ಡಾಕ್ಟರು ಹೇಳಿದ್ದರಂತೆ.

ಸದಾಶಿವಪ್ಪನವರು ಜೀಪಿನಲ್ಲಿ ಬಂದು ಅಹವಾಲು ಕೇಳಿದರು.

"ಈ ಸಂಬಂಧ ಕಿತ್ತಾಕ್ಬುಡಿ ಸಾ" ಎಂದಳು ಚಿಕ್ಕಬಸಮ್ಮ.

"ಕಿತ್ತುಹಾಕೋಕೆ ಎರಡು ದಾರಿ ಇದೆಯಮ್ಮ. ವಿಚ್ಛೇದನ ಆದ್ರೆ ಕೋರ್ಟು, ಏಳು ವರ್ಷ. ಸಾವು ಆದ್ರೆ ಆನ್‌ಲೈನು, ಏಳು ದಿನ."

"ಸಾವೇ ಆಗ್ಲಿ ಸಾ."

ಗುರುಪಾದಸ್ವಾಮಿ ಬೆಂಚಿನಿಂದ ಎದ್ದುಬಂದ. ಅವನು ತಾನಾಗಿ ಎದ್ದದ್ದನ್ನು ಹಲವರು ಆವತ್ತೇ ಮೊದಲು ನೋಡಿದ್ದು. "ನಾನ್ ಸತ್ರೆ ಮಿಕ್ಕಿದ್ ಮನೆಯೋರ್ ಗತಿ ಏನ್ ಸಾ?"

"ಇದು ಚಿಕ್ಕಬಸಮ್ಮನ ಮನೆಗೆ ಮಾತ್ರ ಅನ್ವಯ. ಮಿಕ್ಕ ಇನ್ನೂರ ಹನ್ನೊಂದು ಮನೆಗಳಲ್ಲಿ ನೀವು ಆರೋಗ್ಯವಾಗಿರ್ತೀರಿ."

"ಅಂಗಾದ್ರೆ ಸರಿ" ಎಂದು ಅವನು ಮತ್ತೆ ಕೂತ.

ಸೋರೆಹುಂಡಿಯಲ್ಲಿ ಬಸ್‌ಸ್ಟಾಪಿನ ಬಳಿ ಫ್ಲೆಕ್ಸ್ ಕಟ್ಟುವವರೆಗೆ ಯಾರನ್ನೂ ಸತ್ತರೆಂದು ಎಣಿಸುವುದಿಲ್ಲ. ಅಭಿಯಾನವು ಸ್ಥಳೀಯ ಪದ್ಧತಿಗಳನ್ನು ಗೌರವಿಸುವುದರಿಂದ, ಮರಣಕ್ಕೆ ಪುರಾವೆಯಾಗಿ ಶ್ರದ್ಧಾಂಜಲಿ ಫ್ಲೆಕ್ಸಿನ ಫೋಟೊ ಕೇಳುತ್ತದೆ. ಬದುಕಿರುವವರನ್ನು ಸತ್ತರೆಂದು ತೋರಿಸುವ ವಂಚನೆ ಹಿಂದೆ ನಡೆದಿದೆ. ಅದನ್ನು ತಡೆಯಲು ಮೃತರು ಖುದ್ದಾಗಿ ಫ್ಲೆಕ್ಸಿನ ಮುಂದೆ ನಿಂತು, ಮುಖ ತೋರಿಸಿ, ಹೆಬ್ಬೆಟ್ಟು ಒತ್ತತಕ್ಕದ್ದು.

"ಬದ್ಕಿರೋ ಮಗನ್ ಪೋಟ ಕಟ್ಟದ್ರೆ ಒಳ್ಳೇದಾದಾ ಸಾ?" ಎಂದು ಶಿವಮ್ಮ ಕೇಳಿದಳು.

"ಸತ್ತಿರೋನು ಬಂದು ನಿಲ್ಲೋಕಾಗಲ್ವಲ್ಲಮ್ಮ" ಎಂದರು ಸದಾಶಿವಪ್ಪನವರು. ಶಿವಮ್ಮನಿಗೆ ಇದು ನ್ಯಾಯವೆನಿಸಿತು.

ಕೊಳ್ಳೇಗಾಲದಲ್ಲಿ ಫ್ಲೆಕ್ಸ್ ಮಾಡಿಸಿದರು. ವಾಡಿಕೆಯಂತೆ ಶೋಕಿಸುವವರ ಮುಖಗಳು ದೊಡ್ಡದಾಗಿಯೂ ಸತ್ತವನದು ಚಿಕ್ಕದಾಗಿಯೂ ಇದ್ದವು. ಮೊದಲ ಫೋಟೊವನ್ನು ಕಂಪ್ಯೂಟರ್ ತಿರಸ್ಕರಿಸಿತು. ಮೃತರು ನಗುತ್ತಿದ್ದಾರೆ ಎಂಬ ಕಾರಣ ನೀಡಿತು. ಎರಡನೆಯದಕ್ಕೆ ಅವನು ಗಂಭೀರವಾಗಿ ನಿಂತ. ಅಷ್ಟರಲ್ಲಿ ಬಂದ ಬಸ್ಸಿನಿಂದ ಇಬ್ಬರು ಇಳಿದು ಫ್ಲೆಕ್ಸಿಗೆ ಕೈಮುಗಿದರು. ಅವನೂ ತಿರುಗಿ ಮುಗಿದ. ಊರ ಟವರಿನ ಕರೆಂಟ್ ಮೀಟರಿಗೆ ಆ ತಿಂಗಳು ಯಾರೂ ಹೆಬ್ಬೆಟ್ಟು ಒತ್ತದೆ, ಬಸ್‌ಸ್ಟಾಪಿನಲ್ಲಿ ಯಂತ್ರಕ್ಕೆ ನೆಟ್‌ವರ್ಕ್ ಇರಲಿಲ್ಲ. ಆದ್ದರಿಂದ ಸದಾಶಿವಪ್ಪನವರು ಅನುಮತಿಪತ್ರ ಬರೆದು, ಮೃತನನ್ನೂ ಯಂತ್ರವನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟದ ರಸ್ತೆಯಲ್ಲಿ ಸಿಗ್ನಲ್ ಸಿಗುವವರೆಗೆ ಹೋದರು. ಹಸಿರು ದೀಪ ಹತ್ತಿತು. ಗುರುಪಾದಸ್ವಾಮಿ ತೀರಿಕೊಂಡ. ಹಿಂದಿರುಗುವಾಗ ಇಬ್ಬರೂ ಟೀ ಕುಡಿದರು.

ಹನ್ನೊಂದನೇ ದಿನ ಚಿಕ್ಕಬಸಮ್ಮ ಕಾರ್ಯ ಮಾಡಿದಳು. ಊರ ಬಾಯಿಗೆ ಹೆದರಿ ಮಾಡಿದ್ದೆಂದು ಹೇಳಿದಳು. ಮೊದಲ ಪಂಕ್ತಿಯಲ್ಲಿ ಗುರುಪಾದಸ್ವಾಮಿಗೇ ಎಲೆ ಹಾಕಿದರು. ವಡೆ ಇನ್ನೆರಡು ಕೇಳಿ ಹಾಕಿಸಿಕೊಂಡ.

ಪಿಂಚಣಿ ಬಂತು. ಅಕ್ಕಿ ನಿಂತಿತು.

"ನಿನ್ ಪರವಾಗಿ ಒತ್ತೋರು ತೀರ್ಕಂಡವ್ರೆ ಅಂತ ತೋರುಸ್ತಾ ಅದೆ ಅಜ್ಜಿ" ಎಂದಳು ಭವ್ಯ. "ಬೇರೆ ಸಂಬಂಧ ಹಾಕ್ಬೇಕು. ತಂದೆ ಅನ್ನಕ್ಕೆ ಅವನ್ ವಯಸ್ಸು ಸಾಲ್ದು."

"ಮಗ ಅಂತ ಹಾಕವ್ವ."

"ದುಡಿಯೋ ವಯಸ್ಸಿನ್ ಮಗ ಇದ್ರೆ ಪಿಂಚಣಿ ಓಯ್ತದೆ."

"ಅವ್ನೆಲ್ಲವ್ವ ದುಡಿದಾನು?"

"ಕಂಪ್ಯೂಟರ್‌ಗೆ ಅದು ಗೊತ್ತಾಗಕಿಲ್ಲ ಅಜ್ಜಿ. ವಯಸ್ಸೊಂದೇ ನೋಡ್ತದೆ."

ಭವ್ಯ ಸಂಬಂಧ ಎಂಬಲ್ಲಿ ಮಗ ಎಂದೇ ಹಾಕಿದಳು. ಆಮೇಲೆ ಹುಟ್ಟಿದ ದಿನಾಂಕ ಎಂಬಲ್ಲಿ ಆವತ್ತಿನ ತಾರೀಖನ್ನೇ ಹಾಕಿದಳು. ತಂದೆಯ ಹೆಸರನ್ನು ಕಂಪ್ಯೂಟರ್ ತಾನಾಗಿಯೇ ತುಂಬಿಕೊಂಡಿತು: ದಿವಂಗತ ಗುರುಪಾದಸ್ವಾಮಿ. ಶಿಶುವನ್ನು ಬೆಂಚಿನಿಂದ ಕರೆಸಿ ಬೆರಳಿಡಿಸಿದರು. ಹಸಿರು ದೀಪ ಹತ್ತಿತು. ಚಿಕ್ಕಬಸಮ್ಮ ಅಕ್ಕಿ ತೆಗೆದುಕೊಂಡು, ಮಾತ್ರೆಯ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮುಂದಿನ ಪಲ್ಸ್ ಪೋಲಿಯೊ ಭಾನುವಾರ ಆಶಾ ಕಾರ್ಯಕರ್ತೆ ರೂಪ ಪಟ್ಟಿ ಹಿಡಿದು ಡೇರಿ ಮುಂದೆ ಬಂದಳು. ಪಟ್ಟಿಯಲ್ಲಿದ್ದ ಹೆಸರನ್ನೂ ಬೆಂಚಿನ ಮೇಲಿದ್ದವನನ್ನೂ ಒಮ್ಮೆ ನೋಡಿದಳು. ಪಟ್ಟಿ ಸರಿಯಾಗಿತ್ತು.

"ಬಾಯ್ ತಗೀರಿ ಅಣ್ಣ."

"ಕಹಿ ಇದ್ದದಾ?"

"ಇಲ್ಲ. ಎಲ್ಡೇ ಹನಿ."

ಗುರುಪಾದಸ್ವಾಮಿ ಬಾಯಿ ತೆರೆದ. ರೂಪ ಎರಡು ಹನಿ ಹಾಕಿ, ಅವನ ಎಡಗೈ ಕಿರುಬೆರಳಿಗೆ ಗುರುತಿನ ಮಸಿ ಹಚ್ಚಿದಳು. ಮಸಿ ಹೆಬ್ಬೆರಳಿಗೆ ತಾಗದಂತೆ ಸದಾಶಿವಪ್ಪನವರು ಅದನ್ನು ತಮ್ಮ ಕರ್ಚೀಪಿನಲ್ಲಿ ಮುಚ್ಚಿ ಹಿಡಿದಿದ್ದರು.

ಮನೆಯಲ್ಲಿ ಗೂಡು ಬೇಯಲು ಹಾಕಿದ್ದ ಶಿವಮ್ಮ ಅಷ್ಟು ಹೊತ್ತಿಗೆ ಓಡಿಬಂದಳು. "ಅತ್ತನಾ?"

"ಇಲ್ಲ ಕಣವ್ವ" ಎಂದಳು ಬೆಂಚಿನ ಪಕ್ಕದಲ್ಲಿ ನಿಂತಿದ್ದ ಚಿಕ್ಕಬಸಮ್ಮ, ಅವನ ಬಾಯಿಯನ್ನು ಸೆರಗಿನಿಂದ ಒರೆಸುತ್ತ. "ನಮ್ದು ಜಾಣಮಗ."